ಜುಬ್ಬಾದ ಒಳಗಿನ ಪಿಸ್ತೂಲು

ಶರಣ ಬಂಧುಗಳೇ, ಒಂದು ಪೇಟೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರದಿಂದ ಸಿರಿವಂತನಾದ ಒಬ್ಬ ಸಾಹುಕಾರ. ಕೆಟ್ಟವನಲ್ಲ, ನೋಡಿ. ಆದರೆ ಒಮ್ಮೆ ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿ, ಅವನ ಕಣ್ಣೆದುರೇ ಹೆಂಡತಿಯ ಕೊರಳಿನ ತಾಳಿ ಕಿತ್ತುಕೊಂಡು ಹೋದರು. ಹಾವಿನಿಂದ ಕಚ್ಚಿಸಿಕೊಂಡವನು ಹಗ್ಗ ಕಂಡರೂ ಹೆದರುತ್ತಾನೆ. ಪಾಪ, ಅವನ ಜಾಗದಲ್ಲಿ ನಾವಿದ್ದರೂ ಅಷ್ಟೇ ಅಲ್ಲವೇ?

ಲೈಸೆನ್ಸು ಮಾಡಿಸಿ ಪಿಸ್ತೂಲು ತಂದ. ಯಾರಿಗೂ ಕಾಣದಂತೆ ಜುಬ್ಬಾದ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡ. "ಇನ್ನ ಕಳ್ಳರ ಆಟ ನಡ್ಯಂಗಿಲ್ಲ ಬಿಡು" ಎಂದು ಹೆಂಡತಿಗೆ ಧೈರ್ಯ ಹೇಳಿದ. ಇಂಥ ಸುದ್ದಿ ಮುಚ್ಚಿಟ್ಟರೆ ನಿಲ್ಲುತ್ತದೆಯೇ? ಬಟ್ಟೆ ಅಂಗಡಿಯವನೂ ಒಂದು ತಂದ, ಎಣ್ಣೆ ಗಿರಣಿಯವನೂ ಒಂದು ತಂದ.

ಕಳ್ಳತನ ನಿಂತಿತೇ? ಎಲ್ಲಿ ನಿಂತಿತು! ಕಳ್ಳ ಬಂದವನು ಮೊದಲು ಗಿರಣಿಯವನ ಪಿಸ್ತೂಲನ್ನೇ ಕದ್ದ. ನಿನ್ನೆವರೆಗೆ ಕೋಲು ಹಿಡಿದು ಬರುತ್ತಿದ್ದವನು ಈಗ ಅದನ್ನೇ ಹಿಡಿದು ಬಂದ. ಹಿಂದೆ ಒಬ್ಬರು ಕೂಗಿದರೆ ಓಣಿಯೇ ಓಡಿ ಬರುತ್ತಿತ್ತು. ಈಗ ಯಾರ ಗುಂಡು ಯಾರಿಗೋ ಎಂದು ಎಲ್ಲರೂ ಕದ ಹಾಕಿಕೊಂಡರು. ಗಾಡಿ ನಿಲ್ಲಿಸುವ ಜಗಳಕ್ಕೂ ಕೈ ಸೊಂಟಕ್ಕೆ ಹೋಗತೊಡಗಿತು. ಹಾಗೊಂದು ಜಗಳವಾಗಿ ಸಾಹುಕಾರನೂ ಬಟ್ಟೆ ಅಂಗಡಿಯವನೂ ಮಾತು ಬಿಟ್ಟರು. ಬಾಲ್ಯದ ಗೆಳೆಯರು, ನೋಡಿ! ಸಾಹುಕಾರನ ಹೆದರಿಕೆ ಇಳಿಯಲಿಲ್ಲ, ಬೆಳೆಯಿತು.

ವಿಜಯದಶಮಿ ಬಂತು. ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಅಪ್ಪಿಕೊಳ್ಳುವ ದಿನ, ವರ್ಷದ ಮುನಿಸು ಕರಗುವ ದಿನ. ಬಟ್ಟೆ ಅಂಗಡಿಯವನಿಗೆ ಮನಸ್ಸು ತಡೆಯಲಿಲ್ಲ. ತಾನೇ ಸೋತು ಗೆಳೆಯನ ಅಂಗಡಿಯ ಮೆಟ್ಟಿಲು ಹತ್ತಿದ, ಕಿಸೆಗೆ ಕೈ ಹಾಕಿದ. ಸಾಹುಕಾರ ಹಿಂದುಮುಂದು ನೋಡಲಿಲ್ಲ. ಗುಂಡು ಹಾರಿಸಿಯೇಬಿಟ್ಟ.

ಭುಜ ಹಿಡಿದು ಕುಸಿದವನ ಕೈಯಿಂದ ಬನ್ನಿ ಎಲೆ ಚೆಲ್ಲಿದವು. "ಬಂಗಾರ ಕೊಡಾಕ ಬಂದಿದ್ನಲ್ಲೋ..." ಎಂದ.

"ಬರೇ ಕೈ ನೋಡಿದ್ನೋ ದೋಸ್ತ, ನಿನ್ನ ಮಾರಿ ನೋಡಲೇ ಇಲ್ಲ" ಎಂದು ಸಾಹುಕಾರ ಅವನನ್ನು ತಬ್ಬಿಕೊಂಡು ಅತ್ತ. ಗೆಳೆಯ ಬದುಕಿಕೊಂಡ. ಆದರೆ ಆ ತೋಳು ಮತ್ತೆ ಯಾರನ್ನೂ ತಬ್ಬಲು ಮೇಲೇಳಲಿಲ್ಲ.

ಈಗ ಹೇಳಿ, ಆ ಸಾಹುಕಾರನನ್ನು ಕಾಯ್ದದ್ದು ಯಾವುದು, ಕೆಡಿಸಿದ್ದು ಯಾವುದು? ಅಂಥದ್ದನ್ನು ಬಚ್ಚಿಟ್ಟುಕೊಂಡು ಓಡಾಡುವವರಿದ್ದರೆ ನಾಳೆಯೇ ಠಾಣೆಗೆ ಒಪ್ಪಿಸಿ. ಇಲ್ಲದವರು ಪಾರಾದೆವು ಅಂದುಕೊಳ್ಳಬೇಡಿ. ನಕ್ಕು ಮಾತಾಡುತ್ತ ಒಳಗೊಳಗೇ ಕತ್ತಿ ಮಸೆಯುವವರು ನಮ್ಮಲ್ಲೇನು ಕಡಿಮೆಯೇ? ನೆರೆಮನೆಯಲ್ಲಿ ಕೂಗು ಕೇಳಿದರೆ ಕದ ಹಾಕಿಕೊಳ್ಳಬೇಡಿ, ಓಡಿ ಹೋಗಿ. ನೀವು ಮಾತು ಬಿಟ್ಟವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರೇ ಬರಲಿ ಎಂದು ಕೂರಬೇಡಿ. ಇಲ್ಲಿಂದೆದ್ದು ನಿಮ್ಮ ಮನೆಗೆ ಹೋಗುವ ಮುಂಚೆ ಅವರ ಮನೆಗೆ ಹೋಗಿ, ಊಟ ಆಯಿತೇ ಎಂದು ಕೇಳಿ.