ಕಮಾನಿನ ಕೆಳಗೆ ಉಳಿದವನು

ಇದು ಅಜ್ಜಂಪುರದಲ್ಲಿ ನಮ್ಮ ನೆರೆಮನೆಯ ಅಂಜಿನಮ್ಮನಿಗೆ ಆದದ್ದು. ಐವತ್ತೆಂಟನೇ ಇಸವಿ ಇರಬೇಕು.

ಶಿವನಿಯಲ್ಲಿ ನೆಂಟರ ಮನೆ ಊಟ ಮುಗಿಸುವಷ್ಟರಲ್ಲಿ ಕಡೆಯ ರೈಲು ತಪ್ಪಿತ್ತು. ಗಂಡ ಹೆಂಡತಿ ನಡೆದೇ ಬಂದರು. ಊರು ಇನ್ನೇನು ಬಂತು ಅನ್ನುವಲ್ಲಿ ಒಂದು ಆಲದ ಮರ, ಅದನ್ನು ದಾಟಿದರೆ ಹಳ್ಳದ ಹಳೇ ಕಲ್ಲಿನ ಸೇತುವೆ. ಎತ್ತಿನ ಗಾಡಿಗೆ ಅಂತ ಕಟ್ಟಿದ ಕಮಾನು, ಬಸ್ಸು ಲಾರಿ ಹತ್ತಿ ಬಿರುಕು ಬಿಟ್ಟಿತ್ತು. ಹಿಂದಿನ ವರ್ಷ ಅದರ ರಿಪೇರಿಗೆ ಗಂಡ ಷಣ್ಮುಖಪ್ಪನೇ ಮೇಸ್ತ್ರಿ. ಗಾರೆ ಕೆಲಸ ಅವರ ಹಿತ್ತಲಿಗೆ ಅಂಟಿಕೊಂಡ ಮನೆಯ ಮಹಬೂಬ್ ಸಾಬಿಯದು. ಕಮಾನು ಹೊರೋಕೆ ಕೆಳಗೆ ಮರದ ಸೆಂಟ್ರಿಂಗ್ ಕೊಟ್ಟು, ಸಡಿಲಾದ ಕಲ್ಲು ಬಿಡಿಸಿ ಹೊಸ ಸುಣ್ಣದ ಗಾರೆಯಲ್ಲಿ ಕೂರಿಸಿದ್ದರು.

ಸೆಂಟ್ರಿಂಗ್ ಬಿಚ್ಚುವಾಗ ಒಬ್ಬ ಕೆಳಗೆ ನಿಂತು ಅದರಡಿ ಬಿಗಿದ ಮರದ ಬೆಣೆಗಳನ್ನ ಒಂದೊಂದಾಗಿ ಸಡಿಲಿಸಬೇಕು. ಇನ್ನೊಬ್ಬ ಮೇಲೆ ಕೂತು ಕಮಾನು ನೋಡ್ತಿರಬೇಕು. ಕಲ್ಲು ಕದಲಿದರೆ ಮೇಲಿನವನು ಸುತ್ತಿಗೆಯಲ್ಲಿ ಎರಡು ಪೆಟ್ಟು ಹೊಡೀತಾನೆ, ಕೆಳಗಿನವನು ಎಲ್ಲ ಬಿಟ್ಟು ಓಡಿ ಬರಬೇಕು. ಬಿಚ್ಚಿದ ದಿನ ಕೆಳಗಿದ್ದ ಮಹಬೂಬ್ ಸಾಬಿ ಓಡಿ ಬರಲಿಲ್ಲ. ಕಲ್ಲು ಅವನ ಮೇಲೇ ಬಿತ್ತು. ಆಮೇಲೆ ಬೇರೆ ಯಾರೋ ಬಂದು ಕೆಲಸ ಮುಗಿಸಿದರು.

ಮೇಲೆ ಕೂತು ಎರಡು ಪೆಟ್ಟು ನಾನು ಹೊಡೆದೆ, ಅವನಿಗೆ ಕಿವಿ ಮಂದ, ಅಂದಿದ್ದ ಷಣ್ಮುಖಪ್ಪ. ಸತ್ತವರ ಮೇಲೆ ತಪ್ಪು ಹೊರಿಸಿದರೆ ಒಂದು ಅನುಕೂಲ, ಅವರು ಎದುರು ಮಾತಾಡಲ್ಲ. ಸಾಬಿಯ ಹೆಂಡತಿ ಹಜೀರಾಬಿ ನಂಬಿರಲಿಲ್ಲ. ಅಂಜಿನಮ್ಮನೇ ಅವಳ ಕೈ ಹಿಡಿದು, ನನ್ನ ಗಂಡ ಸುಳ್ಳು ಹೇಳೋನಲ್ಲ ಕಣೇ ಅಂತ ನಂಬಿಸಿದ್ದಳು.

ಸೇತುವೆಯ ನಡುವೆ ಬಂದಿದ್ದರು. ಕೆಳಗೆ...

ಟಕ್.

ಮರಕ್ಕೆ ಮರ ಬಡಿದ ಸದ್ದು. ಆಮೇಲೆ ಕಿರ್ರ್... ಅಂತ ಏನೋ ಜಾರಿತು. ನೀರಿಗೆ ಬಿತ್ತು, ಬುಳಕ್. ಅಲ್ಲಿ ಈಗ ಮರವೂ ಇಲ್ಲ, ಬೆಣೆಯೂ ಇಲ್ಲ.

"ಷಣ್ಮುಖಣ್ಣಾ..." ಪಿಸುದನಿ. "ಇನ್ನೊಂದು ಬಿಡಿಸ್ಲಾ?"

ಹಿತ್ತಲಿಂದ ದಿನಾ ಕೇಳಿದ ದನಿ ಅದು. ಅಂಜಿನಮ್ಮ ಗಂಡನ ತೋಳು ಹಿಡಿದಳು.

"ಎರಡು ಪೆಟ್ಟು ಹೊಡೀರಿ," ಅಂದಳು ಮೆಲ್ಲಗೆ. "ಅವತ್ತು ಹೊಡೆದ್ರಲ್ಲ, ಹಂಗೇ."

ಅವನು ಅಲ್ಲಾಡಲಿಲ್ಲ.

"ಹೊಡೀರಿ ಅಂದ್ರೆ."

"ಅವತ್ತು... ನಾನಿಲ್ಲಿ ಇರ್ಲೇ ಇಲ್ಲ ಕಣೇ. ಇಂಜಿನಿಯರ್ ಜೀಪು ಬಂತು. ಹಾರ ಹಾಕಕ್ಕೆ ಹೋಗಿದ್ದೆ."

ಕೆಳಗೆ ಮತ್ತೆ, ಟಕ್.

ಅಂಜಿನಮ್ಮ ಬದಿಯಲ್ಲಿದ್ದ ಜಲ್ಲಿಕಲ್ಲು ತಗೊಂಡು ಸೇತುವೆಯ ಕಟ್ಟೆಗೆ ತಾನೇ ಹೊಡೆದಳು. ಠಣ್. ಠಣ್.

ಸದ್ದು ನಿಂತಿತು. ಆಮೇಲೆ... ಯಾರೋ ನೀರು ದಾಟಿದ ಸಳಪಳ. ದಡದ ಮರಳು ಚರಚರ ಅಂತು. ಊರಿನ ಕಡೆಗೇ ಹೋಯ್ತು.

ಗಂಡ ಏನೋ ಹೇಳಕ್ಕೆ ಬಂದ. ಅವನನ್ನ ಅಲ್ಲೇ ಬಿಟ್ಟು ಅವಳು ಸರಸರ ನಡೆದಳು. ಇವನ ಸುಳ್ಳಿಗೆ ವರ್ಷವಿಡೀ ಜಾಮೀನು ನಿಂತಿದ್ದೆನಲ್ಲ ಅನ್ನೋ ಉರಿ. ಹಜೀರಾಬಿಗೆ ಈಗಲೇ ಹೇಳಬೇಕಿತ್ತು.

ಬಾಗಿಲು ತೆರೆದೇ ಇತ್ತು. ಹಜೀರಾಬಿ ಒಲೆಗೆ ಸೌದೆ ತಳ್ಳುತ್ತಿದ್ದಳು.

"ಹಜೀರಾ, ನಮ್ಮೋರು ಅವತ್ತು ಹೊಡೀಲೇ ಇಲ್ಲ ಕಣೇ."

"ಗೊತ್ತಾಯ್ತು ಬಿಡಕ್ಕಾ," ಅಂದಳು ಅವಳು, ತಿರುಗದೆ. "ಈಗ ಬಂದು ಹೇಳಿದ್ರು. ಮೆಲ್ಲಗೆ ಮಾತಾಡು... ಸ್ನಾನ ಮಾಡ್ತಾವ್ರೆ."

ಆ ಮನೇಲಿ ವರ್ಷದಿಂದ ಯಾರೂ ಸುಣ್ಣ ಮುಟ್ಟಿರಲಿಲ್ಲ. ಸುಳ್ಳಲ್ಲ ಕಣ್ರೀ, ಅಂಜಿನಮ್ಮನೇ ಕಣ್ಣಾರೆ ನೋಡಿದ್ದು... ಬಚ್ಚಲಿಂದ ನೀರು ಬೆಳ್ಳಗೆ ಹರೀತಿತ್ತು.