ಕೆಟೂರಾಳ ಸರದಿ

ಜಾರ್ಜಿಯಾದ ಪೈನ್ ಕಾಡಿನ ಅಂಚಿನ ನಮ್ಮ ಪುಟ್ಟ ಊರಿನಲ್ಲಿ ಅಂದು ಪಾದ ತೊಳೆಯುವ ಭಾನುವಾರ; ಹೆಂಗಸರು ಹೆಂಗಸರ ಜೊತೆ, ಗಂಡಸರು ಗಂಡಸರ ಜೊತೆ ಜೋಡಿಯಾಗಿ ಒಬ್ಬರ ಪಾದ ಒಬ್ಬರು ತೊಳೆಯುವ ದಿನ. ಆರಾಧನೆ ಮುಗಿಯುವ ಹೊತ್ತಿಗೆ ಮಳೆ ಹಿಡಿದು, ನಾವು ನಾಲ್ಕಾರು ಹೆಂಗಸರು ಊಟದ ಬುಟ್ಟಿಗಳ ಜೊತೆ ಚರ್ಚಿನ ಜಗುಲಿಯಲ್ಲೇ ಉಳಿದೆವು. ಗಂಡ ತೀರಿಕೊಂಡ ಮೇಲೆ ನಾನು ಜನರ ನಡುವೆ ಬಂದದ್ದು ಅದೇ ಮೊದಲು. ಎಲ್ಲರಿಗಿಂತ ಹಿರಿಯಳಾದ ಲೊವೀನಿಯಾ ಅಜ್ಜಿ ಮಳೆಯನ್ನೇ ನೋಡುತ್ತ ಶುರುಮಾಡಿದಳು.

"ಈ ಊರಿಗೆ ಹೆಸರು ಬೀಳೋಕೂ ಮುಂಚಿನ ಮಾತು ಕಣ್ರಮ್ಮ. ಆಗ ಇಲ್ಲಿದ್ದದ್ದು ದಿಮ್ಮಿ ಪೇರಿಸಿ ಕಟ್ಟಿದ ಚರ್ಚು, ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು… ಕೆಟೂರಾ ಅಂತ ಒಬ್ಬಳು ಯಾರದೋ ಮದುವೇಲಿ ಪಿಟೀಲು ಕೇಳಿ ಕುಣಿದ್ಬಿಟ್ಳು. ಅಷ್ಟೇ! ಕುಣಿಯೋದು ಪಾಪ ಅಂತ ಹಿರಿಯರು ಚರ್ಚಿನ ಸಭೆಯಿಂದ ಹೊರಗೆ ಹಾಕಿದ್ರು. 'ತಪ್ಪಾಯ್ತು ಅನ್ನು' ಅಂದ್ರೆ, 'ಕುಣಿದದ್ದು ಕಾಲು, ಅದನ್ನೇ ಕೇಳಿ' ಅಂದ್ಳಂತೆ!"

"ನಿನ್ನ ವಂಶದವಳೇ ಇರಬೇಕು ಅಜ್ಜಿ!" ಎಂದಳು ಪಕ್ಕದಲ್ಲಿದ್ದ ಆರ್ಮಿಂಡಾ.

"ಬಾಯ್ಮುಚ್ಚೇ, ನಿನ್ನ ಬ್ರೆಡ್ಡು ಕಡಿದು ನನ್ನ ಹಲ್ಲು ಉದುರಿದ್ದು ಸಾಲ್ದಾ?… ಹೊರಗೆ ಹಾಕಿದವಳ ಪಾದ ಯಾರು ಮುಟ್ತಾರೆ ಹೇಳಿ? ಆದ್ರೂ ವರ್ಷಾ ವರ್ಷಾ ಈ ಭಾನುವಾರ ಬಂದು, ಹೆಂಗಸರ ಬಾಗಿಲ ಮೆಟ್ಟಿಲ ಮೇಲೆ ಜೋಡು ಬಿಚ್ಚಿಟ್ಟು, ಬರಿಗಾಲು ಚಾಚಿ ಕೂತಿರ್ತಿದ್ಳು. ಒಳಗೆ ಒಬ್ಬರ ಕಾಲು ಒಬ್ಬರು ತೊಳೆದು, ತಬ್ಬಿಕೊಂಡು ಅಳೋ ಸದ್ದು… ಹೊರಗೆ ಇವಳು. ಒಡಹುಟ್ಟಿದ ತಂಗಿನೇ ಲಂಗ ಎತ್ತಿಕೊಂಡು ದಾಟಿ ಹೋಗ್ತಿದ್ಳು. ಒಂದು ಬೋಗುಣಿ ನೀರು, ಎರಡು ಕೈ… ಅಷ್ಟಕ್ಕೆ ಕಾದು ಕಾದು, ಒಂದು ಚಳಿಗಾಲ ಹೋಗ್ಬಿಟ್ಳು. ಸ್ಮಶಾನದ ಬೇಲಿಯಾಚೆ ಹೂತ್ರು.

"ಆಮೇಲಿಂದ ಒಳಗೇ ಬರ್ತಾಳೆ. ಯಾರಿಗೆ ಜೋಡಿ ಇಲ್ವೋ ಅವರ ಮುಂದೆ ಮಂಡಿಯೂರಿ ಕಾಲು ತೊಳೀತಾಳೆ. ಕೈ ಮಾತ್ರ ಬಾವಿ ತಳದ ಹಾಗೆ ತಣ್ಣಗೆ… ತೊಳೆಸ್ಕೊಂಡವರು ತಿರುಗಿ ತೊಳೀಬೇಕಲ್ವಾ? ತೊಳೀದಿದ್ರೆ ತನ್ನ ಸರದಿ ಕೇಳಿಕೊಂಡು ಅವರ ಮನೆವರೆಗೂ ಹೋಗ್ತಾಳೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದಾಗ, ಬೂದು ಲಂಗದವಳೊಬ್ಬಳು ಬಂದು ನನ್ನ ಪಾದಗಳನ್ನು ಬೋಗುಣಿಗೆ ಇಳಿಸಿದ್ದಳು. ಎಷ್ಟೋ ತಿಂಗಳ ಮೇಲೆ ನನ್ನನ್ನು ಯಾರೋ ಮುಟ್ಟಿದ್ದರು. ಮುಖ ಮುಚ್ಚಿಕೊಂಡು ಅತ್ತಿದ್ದೆ. ಕಣ್ಣು ಬಿಟ್ಟಾಗ ಎದುರಿಗೆ ಯಾರೂ ಇರಲಿಲ್ಲ. ಒದ್ದೆ ಕಾಲಿಗೇ ಜೋಡು ಹಾಕಿಕೊಂಡು ಎದ್ದು ಬಂದಿದ್ದೆ.

ಅಜ್ಜಿ ನನ್ನತ್ತ ತಿರುಗಿದಳು.

"ಇವತ್ತು ನೀನೊಬ್ಳೇ ಜೋಡಿ ಇಲ್ದೆ ಉಳಿದೆ, ಆದ್ರೂ ನಿನ್ನ ಕಾಲು ಒದ್ದೆಯಾಗಿತ್ತು… ತಿರುಗಿ ತೊಳೆದೆ ತಾನೇ, ಮಗಳೇ?"

ನಾನು ಪಾದಗಳನ್ನು ಲಂಗದಡಿಗೆ ಎಳೆದುಕೊಂಡೆ.

"ಹಾಗಾದ್ರೆ ಹೊರಡು, ಮಳೆ ನಿಲ್ತು. ಹೋದವಳೇ ಸ್ವಲ್ಪ ನೀರು ಬೆಚ್ಚಗೆ ಮಾಡು… ನಿನ್ನ ಮೆಟ್ಟಿಲ ಮೇಲೆ ಆಗಲೇ ಜೋಡು ಬಿಚ್ಚಿಟ್ಟು ಕೂತಿರ್ತಾಳೆ."