ಬಡಗಿ ಮೂಸಿ ನೋಡಿದ ಗಿಟಾರ್

ಬಸ್ಸಿಗೆ ಕಾಯುವ ಸಾಲಿನಲ್ಲಿ ದರ್ಜಿಯೊಬ್ಬನ ಮುಂದೆ ಒಬ್ಬ ಬಡಗಿಯೂ ಅವನ ಹೆಂಡತಿಯೂ ಎದುರಿನ ಹಳೇ ವಾದ್ಯಗಳ ಅಂಗಡಿಯಿಂದ ಬರಿಗೈಲಿ ಬಂದು ನಿಂತಿದ್ದರು. ದರ್ಜಿಗೆ ಕದ್ದು ಕೇಳುವ ಚಾಳಿಯಿಲ್ಲ. ಆದರೆ ಕಿವಿಗೆ ಬೀಗ ಹಾಕಲಾದೀತೇ?

"ಇಡೀ ಅಂಗಡೀಲಿ ಗಿಟಾರನ್ನ ಮೂಸಿ ನೋಡಿದ್ದು ನೀವೊಬ್ಬರೇ."

"ಹಳೇ ಮರ ಕಣೇ, ಮೂಸಿದ್ರೆ ಗೊತ್ತಾಗುತ್ತೆ. ನಾದ ಎಷ್ಟು ಮಾಗಿದೆ ನೋಡು!"

"ಪುಟ್ಟದಾಗಿದೆ, ತೋಳು ನೋಯಲ್ಲ. ಹೊಸದರ ಅರ್ಧ ಬೆಲೆ ಬೇರೆ. ಆದ್ರೆ ಗಿಟಾರಿನ ಬೆನ್ನು ಬಿರುಕು ಬಿಟ್ಟಿದೆಯಲ್ರೀ."

"ಒಂದೇ ದಿನದಲ್ಲಿ ಅಂಟಿಸಿ ಕೊಡ್ತೀನಿ."

"ನಮ್ಮ ಕೋಣೆ ಬಾಗಿಲಿನ ಬಿರುಕಿಗೂ ಹೀಗೇ ಅಂದಿದ್ರಿ. ಹನ್ನೆರಡು ವರ್ಷ ಆಯ್ತು."

ಬಡಗಿ ತಲೆ ಕೆರೆದುಕೊಂಡ.

"ಆ ಬಾಗಿಲು ಹಾಕ್ಕೊಂಡು ತಾನೆ ನೀನು ನಿಮ್ಮಣ್ಣನ ದೊಡ್ಡ ಗಿಟಾರ್ ನುಡಿಸೋದು? ಎದುರಿಗೆ ಯಾರಾದ್ರೂ ಇದ್ರೆ ಕೈ ಓಡಲ್ಲ ಅಂತೀಯ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಬಾಗಿಲಿನ ಬಿರುಕು ಮುಚ್ಚಿದ್ರೆ ನೀನು ನುಡಿಸೋದು ನಂಗೆ ಹೇಗೆ ಕೇಳಿಸ್ಬೇಕು!"

ಬಸ್ಸು ಬಂತು. ಆಕೆ ಹತ್ತಲಿಲ್ಲ. ತುಟಿಯಂಚಿನ ನಗುವನ್ನು ಬಚ್ಚಿಡಲಾಗದೆ ಗಂಡನ ತೋಳು ಹಿಡಿದು ಅಂಗಡಿಯ ಕಡೆ ತಿರುಗಿಸಿದಳು.

"ನಡೀರಿ, ಅದನ್ನೇ ತಗೊಳ್ಳೋಣ. ಗಿಟಾರಿನ ಬಿರುಕು ನಾಳೆನೇ ಮುಚ್ಚಿ. ಬಾಗಿಲಿನದ್ದನ್ನ ಮುಟ್ಟಿದ್ರೆ ಮಾತ್ರ ನೋಡಿ ಮತ್ತೆ!"